ರೋಗಾಣುನಾಶಕ ಔಷಧಗಳೂ ನಮ್ಮ ಹೊಣೆಯೂ

ಶಿಡ್ಲಘಟ್ಟ, ಚಿಂತಾಮಣಿ ಸೀಮೆಯ ರೇಷ್ಮೆ ಬೆಳೆಗಾರರಿಗೆ ಹುಳುವಿನ ರೋಗಗಳೆಲ್ಲವೂ ಒಂದೇ ಅಲ್ಲವೆಂಬುದು ಚೆನ್ನಾಗಿ ತಿಳಿದಿದೆ. ಹಾಲುತೊಂಡೆಗೆ ವೈರಸ್ಸು, ಸುಣ್ಣಕಟ್ಟಿಗೆ ಶಿಲೀಂಧ್ರ, ಸಪ್ಪೆರೋಗಕ್ಕೆ ಬಹುಮಟ್ಟಿಗೆ ಬ್ಯಾಕ್ಟೀರಿಯಾ ಕಾರಣ. ಹುಳುವಿನ ವಿಷಯದಲ್ಲಿರುವ ಈ ವಿವೇಚನೆಯು ಮನುಷ್ಯನ ಜ್ವರದ ವಿಷಯದಲ್ಲಿ ಮರೆಯಾಗುತ್ತಿರುವುದು ಶೋಚನೀಯವು.

1928ರಲ್ಲಿ ಫ್ಲೆಮಿಂಗ್ ಮಹಾಶಯನು ಕಂಡುಹಿಡಿದ ಪೆನಿಸಿಲಿನ್ನು ಬ್ಯಾಕ್ಟೀರಿಯಾದ ಕೋಶಭಿತ್ತಿಯ ನಿರ್ಮಾಣವನ್ನು ತಡೆದು ಅದನ್ನು ಕೊಲ್ಲುವುದು. ನಮ್ಮ ಜೀವಕೋಶಗಳಿಗೆ ಅಂತಹ ಭಿತ್ತಿಯಿಲ್ಲ. ಆದುದರಿಂದಲೇ ಮದ್ದು ರೋಗಿಯನ್ನು ಬಿಟ್ಟು ರೋಗಾಣುವನ್ನು ಹಿಡಿಯುವುದು. ವೈರಸ್ಸಿಗೂ ಆ ಭಿತ್ತಿಯಿಲ್ಲ. ಆದುದರಿಂದಲೇ ನೆಗಡಿಗೂ ಡೆಂಗೆ ಜ್ವರಕ್ಕೂ ಅದು ನಿಷ್ಪ್ರಯೋಜಕವು. ಕ್ಷಯಕ್ಕೆ ರಿಫಾಂಪಿಸಿನ್, ಮಲೇರಿಯಾಕ್ಕೆ ಆರ್ಟಿಮಿಸಿನಿನ್, ಹೀಗೆ ಒಂದೊಂದು ಶತ್ರುವಿಗೆ ಒಂದೊಂದು ಅಸ್ತ್ರ. ಅನಾವಶ್ಯಕವಾಗಿ ನುಂಗಿದ ಗುಳಿಗೆಯಾದರೋ ದುರ್ಬಲ ಅಣುಜೀವಿಗಳನ್ನು ಕೊಂದು, ಮದ್ದಿಗೆ ಮಣಿಯದವುಗಳು ಬೆಳೆಯಲು ಬಯಲು ಬಿಟ್ಟುಕೊಡುವುದು.

ಕಾನೂನಿಗೆ ಕೊರತೆಯಿಲ್ಲ. 2014ರ ಮಾರ್ಚಿಯಿಂದ ಜಾರಿಯಲ್ಲಿರುವ ಎಚ್-1 ಅನುಸೂಚಿಯ ಔಷಧಗಳನ್ನು ಮಾರುವವರು ವೈದ್ಯನ ಹಾಗೂ ರೋಗಿಯ ಹೆಸರುಗಳನ್ನು ಬರೆದು, ಆ ಪುಸ್ತಕವನ್ನು 3 ವರ್ಷ ಕಾಪಾಡಬೇಕು. ಕೋಳಿ ಮೊದಲಾದ ಆಹಾರಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ಕೇಂದ್ರ ಸರ್ಕಾರವು 2019ರಲ್ಲಿ ನಿಷೇಧಿಸಿತು.

ಕಾನೂನು ಕಾಗದದಲ್ಲಿದ್ದರೆ ಸಾಲದು. ಚಿಕ್ಕಬಳ್ಳಾಪುರ, ಗೌರಿಬಿದನೂರುಗಳ ಅಧಿಕಾರಿಗಳು ಅಂಗಡಿಯ ಪುಸ್ತಕವನ್ನೂ ಕೋಳಿಯ ಮೇವನ್ನೂ ಪರೀಕ್ಷಿಸಲಿ. ನಾಗರಿಕರು ವೈದ್ಯರ ಚೀಟಿಯಿಲ್ಲದೆ ಮದ್ದು ಕೇಳದಿರಲಿ. ಬರೆದುಕೊಟ್ಟುದನ್ನು ಹೇಳಿದಷ್ಟು ದಿನ ತಪ್ಪದೆ ಸೇವಿಸಲಿ. ಇಂದು ದುರ್ವ್ಯಯವಾದ ಔಷಧವು ನಾಳೆ ನಮ್ಮ ಮಕ್ಕಳ ರೋಗಕ್ಕೆ ಫಲಿಸದು.