ಪೆಟ್ಟಿಗೆಯ ಮೇಲೆ ಮನೆಯ ಮುದ್ರೆ ಇರಲಿ

ಇಂದಿನದು ಗಣಕಯಂತ್ರದ ಯುಗ. ಒಂದು ಗಣಕದಲ್ಲಿ ಸೊಗಸಾಗಿ ನಡೆಯುವ ತಂತ್ರಾಂಶ ಇನ್ನೊಂದರಲ್ಲಿ ಮೊಂಡು ಹಿಡಿಯುವುದುಂಟು. ಅದಕ್ಕೆ ಬೇಕಾದ ಉಪಾಂಗಗಳು ಅಲ್ಲಿ ಇಲ್ಲದಿರುವುದು, ಇದ್ದರೂ ಬೇರೆ ಆವೃತ್ತಿಯವಾಗಿರುವುದು ಇದಕ್ಕೆ ಕಾರಣ. ಈ ತೊಡಕನ್ನು ನೀಗಲು ಬಂದುದೇ ‘ಕಂಟೇನರ್ ಇಮೇಜ್’.

1956ರಲ್ಲಿ ಅಮೆರಿಕದ ಮಾಲ್ಕಮ್ ಮೆಕ್‌ಲೀನ್ 58 ದೊಡ್ಡ ಪೆಟ್ಟಿಗೆಗಳನ್ನು ಹಡಗಿಗೇರಿಸಿ ಸರಕು ಸಾಗಣೆಯ ರೀತಿಯನ್ನೇ ಬದಲಿಸಿದನು. ಹಾಗೆಯೇ 2013ರಲ್ಲಿ ಹೊರಬಂದ ಡಾಕರ್, ತಂತ್ರಾಂಶವನ್ನೂ ಅದರ ಉಪಾಂಗಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ಕಟ್ಟಿ ಕಳುಹಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿತು.

ಇದರಿಂದ ನಮಗೇನು ಲಾಭವೆಂದು ಕೇಳಬಹುದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ನಡೆಯುವುದು ಮೀಡಿಯಾವಿಕಿ ಎಂಬ ಮುಕ್ತ ತಂತ್ರಾಂಶದ ಮೇಲೆ. ಅದಕ್ಕೆ ಅಧಿಕೃತ ಇಮೇಜ್ ಉಂಟು. ಒಮ್ಮೆ ಇಳಿಸಿಕೊಂಡರೆ ಶಾಲೆಯ ಗಣಕವೊಂದರಲ್ಲಿ ಅಂತರಜಾಲವಿಲ್ಲದೆಯೂ ಅದನ್ನು ನಡೆಸಬಹುದು. ಮುಂಗಾರು ಬಿರುಸಾಗಿ ಸುರಿಯುವ ನಮ್ಮ ದೇವಾಲದಂತಹ ಊರಿಗೆ ಇದು ಸಣ್ಣ ಅನುಕೂಲವಲ್ಲ. ನಮ್ಮ ಸುತ್ತಲಿನ ಗಿಡಮರಗಳ ಹೆಸರುಗಳನ್ನು ಕನ್ನಡ, ತಮಿಳು, ಮಲಯಾಳ, ಬೆಟ್ಟಕುರುಂಬ, ಪಣಿಯ ಭಾಷೆಗಳಲ್ಲಿ ವಿದ್ಯಾರ್ಥಿಗಳೇ ಬರೆದಿಡುವ ಕೋಶವನ್ನು ಅದರಲ್ಲಿ ಕಟ್ಟಬಹುದು.

ಆದರೆ ಪೆಟ್ಟಿಗೆಯನ್ನು ಕಟ್ಟಿದವರು ಯಾರು? ಇದೇ ಮುಖ್ಯ ಪ್ರಶ್ನೆ. ಟೀ ಕಾರ್ಖಾನೆಯಿಂದ ಹೊರಡುವ ಚೀಲದ ಮೇಲೆ ತೋಟದ ಹೆಸರೂ ದರ್ಜೆಯೂ ಇರುತ್ತವೆ; ಹೆಸರಿಲ್ಲದ ಚೀಲವನ್ನು ವ್ಯಾಪಾರಿ ನಂಬುವುದಿಲ್ಲ. ತಂತ್ರಾಂಶದಲ್ಲಿ ಮಾತ್ರ ನಾವು ಈ ಎಚ್ಚರವನ್ನು ಮರೆಯುತ್ತೇವೆ. 2018ರಲ್ಲಿ ಡಾಕರ್ ಹಬ್ ಎಂಬ ಭಂಡಾರದಿಂದ 17 ಕೇಡಿನ ಇಮೇಜ್‌ಗಳನ್ನು ತೆಗೆದುಹಾಕಲಾಯಿತು. ಪರರ ಗಣಕಗಳಲ್ಲಿ ಕಳ್ಳತನದಿಂದ ಡಿಜಿಟಲ್ ನಾಣ್ಯವನ್ನು ಗಳಿಸಲು ಅವನ್ನು ಹೂಡಲಾಗಿತ್ತು. ಅಷ್ಟರಲ್ಲಿ ಅವು 50 ಲಕ್ಷಕ್ಕೂ ಹೆಚ್ಚು ಬಾರಿ ಇಳಿಕೆಯಾಗಿದ್ದವು!

ಆದುದರಿಂದ ಮುಕ್ತ ತಂತ್ರಾಂಶವನ್ನು ರಚಿಸುವವರೇ ಅದರ ಇಮೇಜನ್ನೂ ಪ್ರಕಟಿಸಬೇಕೆಂಬುದು ನಮ್ಮ ಅಭಿಪ್ರಾಯ. ಅವರು ಸುಮ್ಮನಿದ್ದರೆ ಆ ಜಾಗವನ್ನು ಅಪರಿಚಿತರು ತುಂಬುತ್ತಾರೆ. ಮುದ್ರೆಯೊಂದೇ ಸಾಲದು, ಪೆಟ್ಟಿಗೆಯನ್ನು ಕಟ್ಟಿದ ಕ್ರಮವೂ ಎಲ್ಲರ ಕಣ್ಣಿಗೆ ಬೀಳುವಂತಿರಬೇಕು.

ಬಿಡುವಿನ ವೇಳೆಯಲ್ಲಿ ದುಡಿಯುವ ಸ್ವಯಂಸೇವಕರಿಗೆ ಇದು ಹೊರೆಯಲ್ಲವೇ ಎಂದು ಕೆಲವರು ಆಕ್ಷೇಪಿಸುತ್ತಾರೆ. ಆ ಮಾತಿನಲ್ಲಿ ಹುರುಳಿದೆ. ಒಳಗಿನ ಯಾವುದೇ ಉಪಾಂಗದಲ್ಲಿ ದೋಷ ಕಂಡರೂ ಪೆಟ್ಟಿಗೆಯನ್ನು ಹೊಸದಾಗಿ ಕಟ್ಟಬೇಕು. ಕಟ್ಟದೆ ಬಿಟ್ಟರೆ ಅದು ಹಳಸಿದ ಅನ್ನದಂತೆ. ಆದರೆ ಮತ್ತೆ ಮತ್ತೆ ಕಟ್ಟುವ ಕೆಲಸವನ್ನು ಯಂತ್ರಕ್ಕೇ ವಹಿಸಬಹುದು. ಅದೂ ಆಗದಿದ್ದರೆ, ಯಾವ ಆವೃತ್ತಿಯವರೆಗೆ ತಮ್ಮ ಹೊಣೆ ಎಂಬುದನ್ನು ಸ್ಪಷ್ಟವಾಗಿ ಬರೆದು ತಿಳಿಸಿದರೆ ಸಾಕು. ಹೊಣೆಯಿಲ್ಲದ ಮುದ್ರೆಗಿಂತ ಮುದ್ರೆಯಿಲ್ಲದಿರುವುದೇ ಲೇಸು.

ವಿದ್ಯಾರ್ಥಿ ಮಿತ್ರರೇ, ಉಚಿತವಾಗಿ ಸಿಕ್ಕಿತೆಂದು ಕಂಡದ್ದನ್ನೆಲ್ಲ ಗಣಕಕ್ಕೆ ತುಂಬದಿರೋಣ. ಪೋಷಕರೂ ಮನೆಯಲ್ಲಿ ಒಂದು ಮಾತು ಕೇಳಲಿ: “ಇದನ್ನು ಮಾಡಿದವರು ಯಾರು?” ಆ ಪ್ರಶ್ನೆಗೆ ಉತ್ತರ ಹುಡುಕುವುದೂ ಒಂದು ವಿದ್ಯೆಯೇ.