ಐಪಿ ಅಂದ್ರೆ ಪಂಪ್‌ಸೆಟ್ ಅಷ್ಟೇ ಅಲ್ಲ

ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು ಕಡೆ 'ಐಪಿ' ಅಂದ್ರೆ ಎಲ್ಲರಿಗೂ ನೆನಪಾಗೋದು ಹೊಲದ ಐಪಿ ಸೆಟ್, ಅಂದರೆ ನೀರಾವರಿ ಪಂಪ್‌ಸೆಟ್. ನಮ್ಮ ಎಲೆಕ್ಟ್ರಿಕಲ್ ಪುಸ್ತಕಗಳಲ್ಲಿ ಇನ್ನೊಂದು ಐಪಿ ಇದೆ: ಇಂಗ್ರೆಸ್ ಪ್ರೊಟೆಕ್ಷನ್. ಒಂದು ಪೆಟ್ಟಿಗೆ ತನ್ನೊಳಗೆ ಧೂಳು, ನೀರು ನುಗ್ಗದ ಹಾಗೆ ಎಷ್ಟರಮಟ್ಟಿಗೆ ತಡೆಯುತ್ತದೆ ಅನ್ನೋದರ ಅಳತೆ ಅದು. ತಮಾಷೆ ಏನಂದ್ರೆ, ಮೊದಲನೇ ಐಪಿಯ ಸ್ಟಾರ್ಟರ್ ಡಬ್ಬಿಗೇ ಎರಡನೇ ಐಪಿ ಎಷ್ಟೋ ಕಡೆ ಇರೋದಿಲ್ಲ. ಹೊಲದಲ್ಲಿ ಕಂಬಕ್ಕೆ ಕಟ್ಟಿದ ಡಬ್ಬಿಯ ತಲೆಯ ಮೇಲೆ ಗೊಬ್ಬರದ ಚೀಲ ಹೊದಿಸಿರೋದನ್ನು ನಾವೆಲ್ಲ ನೋಡಿದವರೇ.

ಈ ಅಳತೆಗೆ ಮಾನಕ ಐಇಸಿ 60529. ನಮ್ಮ ದೇಶದಲ್ಲಿ ಅದೇ ಐಎಸ್/ಐಇಸಿ 60529. ಐಪಿ 55 ಅನ್ನೋದರಲ್ಲಿ ಮೊದಲ 5 ಧೂಳಿಗೆ, ಎರಡನೇ 5 ನೀರಿಗೆ. ನೀರಿನ ಪರೀಕ್ಷೆಯಲ್ಲಿ 6.3 ಮಿಲಿಮೀಟರ್ ನಳಿಕೆಯಿಂದ ನಿಮಿಷಕ್ಕೆ 12.5 ಲೀಟರಿನಂತೆ ಎಲ್ಲ ಕಡೆಯಿಂದ ನೀರು ಹೊಡೆಯುತ್ತಾರೆ. ಧೂಳಿನ ಪರೀಕ್ಷೆಗೆ ಬಳಸೋದು ಟಾಲ್ಕಂ ಪೌಡರ್. ಹೌದು, ಮುಖಕ್ಕೆ ಹಚ್ಚಿಕೊಳ್ಳೋದರ ಜಾತಿಯದ್ದೇ! ಹೊಸ ಪೆಟ್ಟಿಗೆ, ಹೊಸ ಗ್ಯಾಸ್ಕೆಟ್, ಬಾಗಿಲು ಭದ್ರ. ಪಾಸಾಗುತ್ತದೆ, ಸ್ಟಿಕ್ಕರ್ ಬೀಳುತ್ತದೆ. ಆಮೇಲೆ ಅದು ಬ್ಯಾಡಗಿಗೆ ಬರುತ್ತದೆ.

ಬ್ಯಾಡಗಿಯ ಧೂಳು ಟಾಲ್ಕಂ ಅಲ್ಲ. 2011ರಲ್ಲಿ ಜಿಐ ಮಾನ್ಯತೆ ಪಡೆದ ಈ ಮೆಣಸಿನಕಾಯಿಗೆ ಬೆಲೆ ಬಂದಿರೋದೇ ಅದರ ಬಣ್ಣ ಮತ್ತು ಓಲಿಯೊರೆಸಿನ್ ಅನ್ನುವ ಎಣ್ಣೆಯಂಶದಿಂದ. ಸುಗ್ಗಿಯಲ್ಲಿ ಮಾರುಕಟ್ಟೆಗೆ ಲಾರಿಗಟ್ಟಲೆ ಚೀಲ ಬರುತ್ತವೆ, ಸುರಿಯುತ್ತಾರೆ, ತೂಗುತ್ತಾರೆ, ಮತ್ತೆ ತುಂಬುತ್ತಾರೆ. ಎದ್ದ ಕೆಂಪು ಧೂಳು ಹಾದಿಯಲ್ಲಿ ಹೋಗೋರನ್ನೇ ಸೀನಿಸುತ್ತದೆ ಅಂದ ಮೇಲೆ ಗೋಡೆಯ ಮೇಲಿನ ಪೆಟ್ಟಿಗೆಯನ್ನು ಬಿಡುತ್ತದೆಯೇ? ಒಣಗಿದ್ದಾಗ ಅದು ಟರ್ಮಿನಲ್‌ಗಳ ಮೇಲೆ ಸುಮ್ಮನೆ ಕೂತಿರುತ್ತದೆ. ಜೂನ್‌ನಲ್ಲಿ ತೇವ ಹಿಡಿದ ಕೂಡಲೇ ಅದೇ ಪದರದ ಮೇಲೆ ಸೋರಿಕೆ ಕರೆಂಟಿಗೆ ದಾರಿಯಾಗುತ್ತದೆ. ತಗಡಿನ ಪೆಟ್ಟಿಗೆಗೆ ಅರ್ಥಿಂಗ್ ಸರಿ ಇಲ್ಲದಿದ್ದರೆ, ಮಳೆಯಲ್ಲಿ ಅದಕ್ಕೆ ಮೈ ತಿಕ್ಕೋ ಎಮ್ಮೆಗೂ, ಆಡುತ್ತಾ ಬಂದು ಕೈ ಇಡೋ ಹುಡುಗನಿಗೂ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ವಾದ ಇಷ್ಟೇ: ಪೆಟ್ಟಿಗೆಯ ಐಪಿ ನಿರ್ಧಾರ ಆಗೋದು ಕಾರ್ಖಾನೆಯಲ್ಲಿ ಅಲ್ಲ, ಅದಕ್ಕೆ ತೂತು ಕೊರೆಯೋ ಜಾಗದಲ್ಲಿ. ಕೇಬಲ್ ಮೇಲಿನಿಂದ ಇಳಿಸಿದರೆ ನೀರು ಅದರ ಮೈ ಹಿಡಿದು ನೇರ ಬಸ್‌ಬಾರ್ ತನಕ ಹೋಗುತ್ತದೆ. ಕೆಳಗಿನಿಂದ, ಗ್ಲ್ಯಾಂಡ್ ಹಾಕಿ, ಕೇಬಲ್‌ಗೆ ಒಂದು ಬಾಗು ಕೊಟ್ಟು ಒಳಗೆ ತಂದರೆ ಹನಿ ಆ ಬಾಗಿನಲ್ಲೇ ಕೆಳಗೆ ಬೀಳುತ್ತದೆ. ಬಳಸದೆ ಉಳಿದ ನಾಕ್‌ಔಟ್ ತೂತಿಗೆ ಹತ್ತಿಪ್ಪತ್ತು ರೂಪಾಯಿಯ ಪ್ಲಗ್ ಹಾಕದಿದ್ದರೆ ಸಾವಿರಾರು ರೂಪಾಯಿಯ ಪೆಟ್ಟಿಗೆಯ ರೇಟಿಂಗ್ ಅಲ್ಲಿಗೆ ಮುಗೀತು. ಹಲ್ಲಿಗಂತೂ ಅದೇ ಹೆಬ್ಬಾಗಿಲು.

ಹಾಗಂತ ಪೂರ್ತಿ ಬಿಗಿ ಮಾಡಿದರೂ ಆಗೋದಿಲ್ಲ. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ. ಸಂಜೆ ಮಳೆ ಬಿದ್ದು ತಣ್ಣಗಾದಾಗ ಪೆಟ್ಟಿಗೆ ತೇವದ ಗಾಳಿಯನ್ನು ಸಂದುಗಳಿಂದ ಒಳಗೆ ಎಳೆದುಕೊಳ್ಳುತ್ತದೆ. ಒಳಗೋಡೆಯ ಮೇಲೆ ಬೆವರಿನ ಹಾಗೆ ಹನಿ ಕಟ್ಟುತ್ತದೆ. ಅದಕ್ಕೇ ತಳದಲ್ಲಿ ಬ್ರೀದರ್ ಡ್ರೈನ್ ಬೇಕು.

ಇನ್ನು ಬಾಗಿಲಿನ ವಿಚಾರ. ಊರೊಳಗೆ ಬಾಗಿಲು ಹಾರುಹೊಡೆದ ಪೆಟ್ಟಿಗೆ ಕಂಡಾಗ 'ಜನಕ್ಕೆ ಬುದ್ಧಿ ಇಲ್ಲ' ಅನ್ನೋದು ಸುಲಭ. ಆದರೆ ಕೇಳಿದರೆ ಉತ್ತರ ಹೀಗೆ ಬರುತ್ತದೆ: "ಮುಚ್ಚಿದ್ರ ಟ್ರಿಪ್ ಆಗತೈತ್ರಿ." ಅವರು ಹೇಳೋದು ಸರಿಯಾಗಿಯೇ ಇದೆ. ಮನೆಬಳಕೆಯ ಎಂಸಿಬಿಯನ್ನು ಹೊಂದಿಸಿರೋದು 30 ಡಿಗ್ರಿ ಸೆಲ್ಸಿಯಸ್‌ಗೆ. ಏಪ್ರಿಲ್ ಬಿಸಿಲಿನಲ್ಲಿ ನಿಂತ ಮುಚ್ಚಿದ ತಗಡಿನ ಪೆಟ್ಟಿಗೆಯೊಳಗೆ ಶಾಖ ಅದಕ್ಕಿಂತ ಎಷ್ಟೋ ಮೇಲಿರುತ್ತದೆ. ಹೀಗಾಗಿ ಅದು ತನ್ನ ರೇಟಿಂಗ್‌ಗಿಂತ ಕಡಿಮೆ ಕರೆಂಟಿಗೇ ಟ್ರಿಪ್ ಆಗುತ್ತದೆ. ಗಿರಾಕಿ ಕಾಯುತ್ತಿರುವಾಗ, ತಕ್ಕಡಿ ನಿಂತಾಗ, ಯಾರಾದರೂ ಬಾಗಿಲು ತೆಗೆಯುತ್ತಾರೆ. ಅಲ್ಲಿಗೆ ಐಪಿ 55 ಹೋಗಿ ಸೊನ್ನೆ. ಇದು ಶಿಸ್ತಿನ ಕೊರತೆ ಅಲ್ಲ, ಡಿಸೈನ್‌ನ ಕೊರತೆ. ದೊಡ್ಡ ಪೆಟ್ಟಿಗೆ, ತಿಳಿ ಬಣ್ಣ, ಮೇಲೊಂದು ಎರಡನೇ ತಗಡಿನ ಚಪ್ಪರ, ಸಾಧ್ಯವಾದರೆ ಪಶ್ಚಿಮದ ಬಿಸಿಲು ಬೀಳದ ಗೋಡೆ. ಇಷ್ಟು ಮಾಡಿದರೆ ಬಾಗಿಲು ತಾನಾಗಿಯೇ ಮುಚ್ಚಿರುತ್ತದೆ.

ಇದನ್ನೆಲ್ಲ ನಮಗೆ ಯಾರು ಕಲಿಸುತ್ತಾರೆ? ಟ್ರಾನ್ಸ್‌ಫಾರ್ಮರ್‌ನ ಸಮಾನ ಸರ್ಕಿಟ್ ಬಿಡಿಸೋಕೆ ಬರುತ್ತೆ, ಕೇಬಲ್‌ಗೆ ತಕ್ಕ ಗ್ಲ್ಯಾಂಡ್ ಆರಿಸೋಕೆ ಬರೋದಿಲ್ಲ ಅನ್ನೋ ಎಂಜಿನಿಯರ್ ನಾಳೆ ಸೈಟ್‌ನಲ್ಲಿ ಸಹಿ ಹಾಕುವವನು. ಗ್ಲ್ಯಾಂಡ್ ಕಟ್ಟೋ ಕೆಲಸವನ್ನು 'ಅದು ವೈರ್‌ಮನ್ ನೋಡ್ಕೋತಾನೆ' ಅಂತ ದಾಟಿಸೋ ಪದ್ಧತಿಯೇ ನಮಗೆ ಒಪ್ಪಿಗೆ ಇಲ್ಲ. ಲ್ಯಾಬ್‌ನಲ್ಲಿ ಒಂದು ಮಧ್ಯಾಹ್ನ ಸಾಕು: ಪೆಟ್ಟಿಗೆ, ಗ್ಲ್ಯಾಂಡ್, ಬಾಗಿಲಿನ ಅರ್ಥ್ ತಂತಿ, ಆಮೇಲೆ ತೋಟದ ಪೈಪಿನಿಂದ ನೀರು. ಒಳಗಿಟ್ಟ ಬಿಳಿ ಕಾಗದ ಒದ್ದೆಯಾದರೆ ಮತ್ತೆ ಕಟ್ಟಬೇಕು. ಪೆಟ್ಟಿಗೆಗೆ ಕರೆಂಟ್ ಮಾತ್ರ ಕೊಡಬಾರದು, ಮಾರಾಯ್ರೆ.

ಶುರು ನಮ್ಮ ಕನ್ನಡ ಸಂಘದಿಂದಲೇ ಆಗಲಿ. ರಾಜ್ಯೋತ್ಸವದ ವೇದಿಕೆಗೆ ಮೈದಾನದಲ್ಲಿ ಹುಲ್ಲಿನ ಮೇಲೆ ಬೋರ್ಡ್ ಇಟ್ಟು, ವೈರಿನ ತುದಿ ಸಾಕೆಟ್‌ಗೆ ತುರುಕಿ, ಬೆಂಕಿಕಡ್ಡಿ ಸಿಕ್ಕಿಸೋದು ಬೇಡ. ಈ ಸಲ ಶಾಮಿಯಾನದವರಿಗೆ ಮುಂಗಡ ಕೊಡೋ ಮುಂಚೆ ಮೂರು ಮಾತು ಬರೆಸಿಕೊಳ್ಳೋಣ: ನೆಲದಿಂದ ಎತ್ತರದ ಸ್ಟ್ಯಾಂಡ್ ಮೇಲೆ ಮುಚ್ಚಿದ ಪೆಟ್ಟಿಗೆ, ಐಪಿ 44ರ ಪ್ಲಗ್ ಸಾಕೆಟ್, 30 ಮಿಲಿಆಂಪಿಯರ್ ಆರ್‌ಸಿಸಿಬಿ. ಕಾರ್ಯಕ್ರಮದ ಹಿಂದಿನ ಸಂಜೆ ಎಲೆಕ್ಟ್ರಿಕಲ್‌ನ ಇಬ್ಬರು ಹೋಗಿ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಿ ಬರಲಿ. ಬಾಡಿಗೆ ಸ್ವಲ್ಪ ಜಾಸ್ತಿ ಆಗಬಹುದು. ಫ್ಲೆಕ್ಸ್ ಒಂದು ಕಡಿಮೆ ಮಾಡೋಣ.