ಎರಡು ಅಂಗುಲದ ವ್ಯಾಜ್ಯ

ಯಂತ್ರವೊಂದು ಕೆಟ್ಟು ನಿಂತಾಗ ಎರಡು ಪ್ರಶ್ನೆಗಳು ಏಳುತ್ತವೆ. ಅದು ಏಕೆ ಕೆಟ್ಟಿತೆಂಬುದು ಒಂದು. ಸರಿಪಡಿಸುವ ವೆಚ್ಚವನ್ನು ಯಾರು ತೆರಬೇಕೆಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ದೊರೆತ ಬಳಿಕವೇ ಎರಡನೆಯದನ್ನು ನಿರ್ಣಯಿಸುವುದು ವಿವೇಕ. ಆದರೆ ವ್ಯವಹಾರದಲ್ಲಿ ಈ ಕ್ರಮವು ಅನೇಕ ವೇಳೆ ತಲೆಕೆಳಗಾಗುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಟ್ರಕ್ಕಿನ ಸಸ್ಪೆನ್ಷನ್ನಿನ ಎತ್ತರವನ್ನು ಬದಲಿಸಿದ ಮಾಲಿಕರಿಗೂ ವಾಹನವನ್ನು ಮಾರಿದ ಡೀಲರುಗಳಿಗೂ ನಡುವೆ ವಾರಂಟಿಯ ವಿಷಯದಲ್ಲಿ ನಡೆಯುವ ವಾಗ್ವಾದವು ಇದಕ್ಕೆ ಒಳ್ಳೆಯ ನಿದರ್ಶನ. ಮೇಲ್ನೋಟಕ್ಕೆ ಇದು ಕಾನೂನಿನ ಜಗಳ. ನನ್ನ ಅಭಿಪ್ರಾಯದಲ್ಲಿ ಇದು ಮೂಲತಃ ಭೌತಶಾಸ್ತ್ರದ ಪ್ರಶ್ನೆ.

ಅಮೆರಿಕದವರು ಟ್ರಕ್ಕೆಂದಾಗ ನಮ್ಮ ಲಾರಿಯನ್ನೇ ಮನಸ್ಸಿಗೆ ತಂದುಕೊಳ್ಳಬೇಕಾಗಿಲ್ಲ. ಮುಂದೆ ಜನರು ಕೂರುವ ಕೋಣೆ, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿ ಇರುವ ಪಿಕಪ್ ವಾಹನವನ್ನೂ ಅವರು ಟ್ರಕ್ಕೆಂದೇ ಕರೆಯುತ್ತಾರೆ. ಬರಿದಾಗಿ ನಿಂತ ಪಿಕಪ್ಪನ್ನು ಪಕ್ಕದಿಂದ ನೋಡಿದರೆ ಸಾಧಾರಣವಾಗಿ ಅದರ ಹಿಂಭಾಗವು ಮುಂಭಾಗಕ್ಕಿಂತ ತುಸು ಎತ್ತರವಾಗಿರುವುದು ಕಾಣುತ್ತದೆ. ಇದು ತಯಾರಕನ ಅಲಕ್ಷ್ಯವಲ್ಲ. ಸ್ಪ್ರಿಂಗು ತಾನು ಹೊರುವ ಭಾರಕ್ಕೆ ಅನುಗುಣವಾಗಿ ಕುಗ್ಗುತ್ತದೆಯೆಂಬ ಹೂಕನ ನಿಯಮವನ್ನು ನೀವು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿರುವಿರಷ್ಟೆ. ತೊಟ್ಟಿಯಲ್ಲಿ ಸಾಮಾನು ತುಂಬಿದಾಗ ಹಿಂದಿನ ಸ್ಪ್ರಿಂಗುಗಳು ಕುಗ್ಗಿ ವಾಹನವು ಸಮತಲಕ್ಕೆ ಬರಲೆಂದೇ ಈ ಏರ್ಪಾಟು. ಆದರೆ ಅಪರೂಪಕ್ಕೆ ಸಾಮಾನು ಹೇರುವ ಮಾಲಿಕನ ಕಣ್ಣಿಗೆ ಈ ಓರೆಯು ಹಿತವೆನಿಸುವುದಿಲ್ಲ. ಅವನು ಮುಂಭಾಗವನ್ನು ಎರಡು ಅಂಗುಲದಷ್ಟು ಏರಿಸಿ ಸಮಮಾಡುತ್ತಾನೆ. ದೊಡ್ಡ ಚಕ್ರಗಳನ್ನು ಹಾಕಿ ಕಲ್ಲುಹಾದಿಯಲ್ಲಿ ಸಾಗಬಯಸುವವನು ಇಡೀ ವಾಹನವನ್ನೇ ನಾಲ್ಕು ಅಂಗುಲ, ಆರು ಅಂಗುಲ ಏರಿಸುವುದೂ ಉಂಟು.

ಮುಂಭಾಗವನ್ನು ಏರಿಸುವ ಸುಲಭ ವಿಧಾನವೆಂದರೆ, ಸ್ಪ್ರಿಂಗನ್ನೂ ಷಾಕ್ ಅಬ್ಸಾರ್ಬರನ್ನೂ ಒಳಗೊಂಡ ಸ್ತಂಭದ ತಲೆಯ ಮೇಲೆ ದಪ್ಪನೆಯ ಬಿಲ್ಲೆಯೊಂದನ್ನು ಕೂರಿಸುವುದು. ಸ್ತಂಭದ ಬುಡವು ಚಕ್ರವನ್ನು ಹಿಡಿದಿರುವ ತೋಳಿನ ಮಧ್ಯಭಾಗದಲ್ಲಿ ನಿಂತಿರುವುದರಿಂದ ಆ ತೋಳು ಸನ್ನೆಗೋಲಿನಂತೆ ವರ್ತಿಸುತ್ತದೆ. ಸುಮಾರು ಒಂದು ಅಂಗುಲದ ಬಿಲ್ಲೆಯು ವಾಹನವನ್ನು ಸುಮಾರು ಎರಡು ಅಂಗುಲ ಎತ್ತುತ್ತದೆ. ಇದರಿಂದ ಸ್ಪ್ರಿಂಗು ಗಡುಸಾಗುವುದೆಂದು ಹಲವರು ತಿಳಿಯುತ್ತಾರೆ. ಅದು ಸರಿಯಲ್ಲ. ಸ್ಪ್ರಿಂಗು ಹಳೆಯದೇ, ಅದು ಹೊರುವ ಭಾರವೂ ಹೆಚ್ಚುಕಡಿಮೆ ಹಿಂದಿನಷ್ಟೇ. ಆದುದರಿಂದ ಅದರ ಗಡಸುತನದಲ್ಲಿ ವ್ಯತ್ಯಾಸವಿಲ್ಲ. ಬದಲಾಗುವುದು ತೋಳುಗಳ ಮತ್ತು ಕೀಲುಗಳ ಕೋನ. ವ್ಯಾಜ್ಯದ ತಿರುಳು ಇಲ್ಲಿಯೇ ಇದೆ.

ಎಂಜಿನ್ನಿನ ಶಕ್ತಿಯನ್ನು ಹಿಂದಿನ ಅಚ್ಚಿಗೆ ಒಯ್ಯುವ ಪ್ರೊಪೆಲ್ಲರ್ ಷಾಫ್ಟಿನ ತುದಿಗಳಲ್ಲಿ ಯೂನಿವರ್ಸಲ್ ಜಾಯಿಂಟುಗಳಿರುತ್ತವೆ. ಈ ಕೀಲಿಗೂ ಹೂಕನ ಹೆಸರೇ ಇದೆ. ಎರಡು ದಂಡಗಳು ಒಂದೇ ನೇರದಲ್ಲಿಲ್ಲದಿದ್ದರೆ, ಮೊದಲನೆಯದು ಸಮವೇಗದಿಂದ ತಿರುಗಿದರೂ ಎರಡನೆಯದರ ವೇಗವು ಪ್ರತಿ ಸುತ್ತಿಗೂ ಎರಡು ಬಾರಿ ಏರಿ ಇಳಿಯುತ್ತದೆ. ನಡುವಣ ಕೋನ 3 ಡಿಗ್ರಿಯಾದರೆ ಈ ಏರಿಳಿತ ಶೇಕಡಾ 0.14ರಷ್ಟು, ಕೋನ 6 ಡಿಗ್ರಿಯಾದರೆ ಶೇಕಡಾ 0.55ರಷ್ಟು. ಕೋನವು ಇಮ್ಮಡಿಯಾದಾಗ ಏರಿಳಿತವು ನಾಲ್ಮಡಿಯಾಯಿತೆಂಬುದನ್ನು ಗಮನಿಸಿ. ಎರಡು ತುದಿಗಳ ಕೋನಗಳು ಸಮವಾಗಿದ್ದರೆ ಒಂದು ಕೀಲಿನ ಏರಿಳಿತವನ್ನು ಇನ್ನೊಂದು ತೊಡೆದುಹಾಕುತ್ತದೆ; ವಾಹನದ ಎತ್ತರವನ್ನು ಬದಲಿಸಿದಾಗ ಈ ಸಮತೆ ತಪ್ಪಬಹುದು. ಆಗ ಹುಟ್ಟುವ ಕಂಪನವು ಕೀಲುಗಳನ್ನೂ ಬೇರಿಂಗುಗಳನ್ನೂ ಸವೆಸುತ್ತದೆ. ಮುಂದಿನ ಚಕ್ರಗಳಿಗೆ ಶಕ್ತಿಯನ್ನು ಒಯ್ಯುವ ಕೀಲುಗಳು ಬೇರೆ ಬಗೆಯವು. ಅವುಗಳಲ್ಲಿ ವೇಗದ ಏರಿಳಿತವಿಲ್ಲ. ಆದರೆ ಕೋನವು ಹೆಚ್ಚಿದಂತೆ ಅವುಗಳೊಳಗಿನ ಗುಂಡುಗಳ ಜಾರಾಟವೂ ಘರ್ಷಣೆಯ ಶಾಖವೂ ಹೆಚ್ಚುತ್ತವೆ. ಗ್ರೀಸನ್ನು ಕಾಪಾಡುವ ರಬ್ಬರು ಹೊದಿಕೆಯ ಮಡಿಕೆಗಳು ಉಜ್ಜಿ ಹರಿಯಬಹುದು.

ಇನ್ನು ಸ್ಥಿರತೆಯ ವಿಚಾರ. ಎಡಬಲ ಚಕ್ರಗಳ ನಡುವಣ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆಯು ವಾಹನವು ಮಗುಚುವ ಸಂಭವವನ್ನು ಸೂಚಿಸುತ್ತದೆ. ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷಾ ಆಡಳಿತವು ಹೇಳುವಂತೆ ಸಾಮಾನ್ಯ ಕಾರುಗಳಲ್ಲಿ ಇದು ಬಹುಮಟ್ಟಿಗೆ 1.3ರಿಂದ 1.5ರವರೆಗೆ, ಪಿಕಪ್ ಮುಂತಾದ ಎತ್ತರದ ವಾಹನಗಳಲ್ಲಿ 1.0ರಿಂದ 1.3ರವರೆಗೆ ಇರುತ್ತದೆ. ಚಕ್ರಗಳ ಅಂತರ 172 ಸೆಂಟಿಮೀಟರು, ಗುರುತ್ವಕೇಂದ್ರದ ಎತ್ತರ 75 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಆಗ ಸಂಖ್ಯೆಯು 1.15. ಗುರುತ್ವಕೇಂದ್ರವು 10 ಸೆಂಟಿಮೀಟರು ಮೇಲೇರಿದರೆ ಅದು 1.01ಕ್ಕೆ ಇಳಿಯುತ್ತದೆ. ಮುಂಭಾಗವನ್ನು ಮಾತ್ರ ಎರಡು ಅಂಗುಲ ಎತ್ತಿದಾಗ ಗುರುತ್ವಕೇಂದ್ರವು ಏರುವುದು ಸುಮಾರು ಒಂದು ಅಂಗುಲ, ಸಂಖ್ಯೆಯು 1.11ರ ಬಳಿ ನಿಲ್ಲುತ್ತದೆ. ಎರಡೂ ಬದಲಾವಣೆಗಳೇ, ಆದರೆ ಅವುಗಳ ಪರಿಣಾಮ ಒಂದೇ ಅಲ್ಲ.

ಹಾಗಾದರೆ ಕಾನೂನು ಏನು ಹೇಳುತ್ತದೆ? ಅಲ್ಲಿ 1975ರಲ್ಲಿ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯಿದೆಯು ಜಾರಿಗೆ ಬಂದಿತು. ತಯಾರಕನು ತನ್ನ ಮುದ್ರೆಯ ಬಿಡಿಭಾಗಗಳನ್ನೇ ಕೊಂಡು ಬಳಸಬೇಕೆಂದು ವಾರಂಟಿಗೆ ಷರತ್ತು ಹಾಕುವುದನ್ನು ಅದು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇರೆಯವರ ಭಾಗವನ್ನು ಹಾಕಿಸಿದನೆಂಬ ಮಾತ್ರಕ್ಕೆ ಮಾಲಿಕನ ವಾರಂಟಿ ರದ್ದಾಗದು. ಆ ಭಾಗದಿಂದಲೇ ಹಾನಿಯಾಯಿತೆಂದು ತೋರಿಸಿದರೆ ಮಾತ್ರ ಆ ದುರಸ್ತಿಯ ವೆಚ್ಚವನ್ನು ನಿರಾಕರಿಸಬಹುದೆಂದು ಫೆಡರಲ್ ಟ್ರೇಡ್ ಕಮಿಷನ್ ತಿಳಿಸಿದೆ. 2022ರಲ್ಲಿ ಇದೇ ಬಗೆಯ ವಾರಂಟಿ ಷರತ್ತುಗಳಿಗಾಗಿ ಮೋಟಾರು ಸೈಕಲ್ ತಯಾರಕರಾದ ಹಾರ್ಲೆ-ಡೇವಿಡ್‌ಸನ್ ಸಂಸ್ಥೆಯ ಮೇಲೆ ಕಮಿಷನ್ ಕ್ರಮ ಕೈಗೊಂಡಿತು.

ಕಾರಣವನ್ನು ತೋರಿಸಬೇಕೆಂಬ ಈ ನಿಯಮವು ವಿಜ್ಞಾನದ ನಿಯಮವೇ ಆಗಿದೆ. ಇದನ್ನು ಎರಡು ಪಕ್ಷದವರೂ ಮರೆಯುತ್ತಾರೆ. “ಟ್ರಕ್ಕನ್ನು ಏರಿಸಿದಿರಿ, ವಾರಂಟಿ ಹೋಯಿತು” ಎಂದು ಒಬ್ಬ ಡೀಲರನು ಹೇಳಿದನೆಂದುಕೊಳ್ಳಿ. ಕೆಟ್ಟಿರುವುದು ರೇಡಿಯೊ ಆಗಿದ್ದರೆ ಈ ಮಾತಿಗೆ ಅರ್ಥವಿಲ್ಲ. ಬಿಲ್ಲೆಗೂ ರೇಡಿಯೊಕ್ಕೂ ಸಂಬಂಧ ಕಲ್ಪಿಸುವ ಯಾವ ಬಲವೂ ಇಲ್ಲ. ಹಿಂದೆ ಒಂದು ಘಟನೆ, ಮುಂದೆ ಇನ್ನೊಂದು ಘಟನೆ ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗಲಾರದು. ಹಾಗೆಯೇ “ಕಾನೂನು ನನ್ನ ಕಡೆಗಿದೆ” ಎಂದು ಮಾಲಿಕನು ಎದೆಯುಬ್ಬಿಸುವುದೂ ತಪ್ಪು. ಆರು ಅಂಗುಲ ಏರಿಸಿದ ಟ್ರಕ್ಕಿನ ಮುಂದಿನ ಕೀಲು ಹೊದಿಕೆ ಹರಿದು ಸವೆದಿದ್ದರೆ, ಬಲದ ಸರಪಳಿಯು ಬಿಲ್ಲೆಯಿಂದ ಕೀಲಿನವರೆಗೆ ಕೊಂಡಿಕೊಂಡಿಯಾಗಿ ಕಾಣುತ್ತದೆ. ಆ ವೆಚ್ಚವನ್ನು ತಯಾರಕನ ಮೇಲೆ ಹೊರಿಸುವುದು ನ್ಯಾಯವಲ್ಲ.

ತಯಾರಕನ ಪರವಾದ ವಾದದಲ್ಲಿಯೂ ಹುರುಳಿದೆ. ಅವನು ಗೊತ್ತಾದ ಒಂದು ಎತ್ತರದಲ್ಲಿ ವಾಹನವನ್ನು ಸಾವಿರಾರು ಮೈಲಿ ಓಡಿಸಿ ಪರೀಕ್ಷಿಸಿರುತ್ತಾನೆ. ಪ್ರತಿಯೊಬ್ಬ ಮಾಲಿಕನ ಇಚ್ಛೆಗೂ ಹೊಣೆಯಾಗೆಂದರೆ ಅವನು ಹೇಗೆ ಒಪ್ಪಾನು? ಆದರೆ ಎತ್ತರವನ್ನು ಬದಲಿಸುವುದೇ ಅಪರಾಧವೆಂದು ಅವನೂ ಹೇಳುವಂತಿಲ್ಲ. ಜೀಪ್ ರ‍್ಯಾಂಗ್ಲರಿಗಾಗಿ ಎರಡು ಅಂಗುಲ ಏರಿಸುವ ಸಾಮಗ್ರಿಯನ್ನು ಅದರ ಕಂಪೆನಿಯ ಬಿಡಿಭಾಗಗಳ ಶಾಖೆಯಾದ ಮೋಪಾರ್ ತಾನೇ ಮಾರಿದೆ. ರ‍್ಯಾಮ್ 1500 ಪಿಕಪ್ಪಿಗೆ 2013ರ ಮಾದರಿಯಿಂದ ಗುಂಡಿಯೊತ್ತಿ ಎತ್ತರವನ್ನು ಬದಲಿಸುವ ಗಾಳಿಯ ಸ್ಪ್ರಿಂಗುಗಳೂ ದೊರೆತವು. ಪರೀಕ್ಷಿಸಿದ ಎತ್ತರಕ್ಕೂ ಪರೀಕ್ಷಿಸದ ಎತ್ತರಕ್ಕೂ ಇರುವ ಅಂತರವೇ ಮುಖ್ಯವಾದುದು.

ಆದುದರಿಂದ ವಾರಂಟಿಯನ್ನು ನಿರಾಕರಿಸುವ ಡೀಲರನು ಯಾವ ಭಾಗ ಕೆಟ್ಟಿತು, ಯಾವ ಬಲ ಅಥವಾ ಕೋನ ಅದನ್ನು ಕೆಡಿಸಿತು, ಅದನ್ನು ಅಳೆದು ನೋಡಲಾಯಿತೆ ಎಂಬ ಮೂರು ಸಂಗತಿಗಳನ್ನು ಬರೆದು ಕೊಡಬೇಕೆಂದು ನಾನು ಹೇಳುವೆನು. ಮಾಲಿಕನೂ ತಾನು ಏನನ್ನು, ಎಷ್ಟು ಬದಲಿಸಿದೆನೆಂಬುದನ್ನು ಮರೆಮಾಚದೆ ತಿಳಿಸಬೇಕು. ದುರಸ್ತಿಗೆ ಹೋಗುವ ಮುನ್ನ ಬಿಲ್ಲೆಯನ್ನು ಕಳಚಿ ಅಡಗಿಸುವುದು ಪ್ರಯೋಗದ ಅಂಕಿಗಳನ್ನು ತಿದ್ದಿದಂತೆಯೇ ಸರಿ.

ವಾರಂಟಿಯ ಕಾಗದದಲ್ಲಿ ಹೆಸರಿಲ್ಲದ ಮೂರನೆಯವನೊಬ್ಬನಿದ್ದಾನೆ: ಎದುರಿನಿಂದ ಬರುವ ಪ್ರಯಾಣಿಕ. ಹಿಂದಣ ಮುಂದಣ ಚಕ್ರಗಳ ನಡುವೆ 3.7 ಮೀಟರು ಅಂತರವುಳ್ಳ ಟ್ರಕ್ಕಿನ ಮುಂಭಾಗವನ್ನು 5 ಸೆಂಟಿಮೀಟರು ಎತ್ತಿದರೆ ದೀಪದ ಕಿರಣವು 25 ಮೀಟರು ದೂರದಲ್ಲಿ ಸುಮಾರು 34 ಸೆಂಟಿಮೀಟರು ಮೇಲೇರುತ್ತದೆ. ದೀಪವೇ ಎತ್ತರಕ್ಕೆ ಹೋಗಿರುವುದು ಇದರ ಮೇಲೆ ಬೇರೆ. ತೊಟ್ಟಿಯಲ್ಲಿ ಭಾರ ಹೇರಿದಾಗ ಹಿಂಭಾಗ ಕುಗ್ಗಿ ಕಿರಣವು ಇನ್ನೂ ಮೇಲಕ್ಕೆ ಹೊರಳುತ್ತದೆ. ದೀಪಗಳನ್ನು ಮತ್ತೆ ಹೊಂದಿಸದಿದ್ದರೆ ಕಣ್ಣು ಕತ್ತಲಿಡುವುದು ಆ ಪ್ರಯಾಣಿಕನಿಗೆ. ಅವನ ನಷ್ಟವನ್ನು ಯಾವ ವಾರಂಟಿಯೂ ತುಂಬಲಾರದು.

ನಮ್ಮ ದೇಶದಲ್ಲಿ ಕಾನೂನಿನ ದಾರಿ ಬೇರೆ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ವಿಧಿಯು, ನೋಂದಣಿಪತ್ರದ ವಿವರಗಳು ತಯಾರಕನು ಮೊದಲು ಗೊತ್ತುಪಡಿಸಿದವುಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಆದರೆ ಹೂಕನ ನಿಯಮಕ್ಕೆ ದೇಶಭೇದವಿಲ್ಲ. ನಾಳೆ ನೀವು ಎಂಜಿನಿಯರುಗಳಾಗಬಹುದು, ವಕೀಲರಾಗಬಹುದು, ವಾಹನದ ಮಾಲಿಕರಾಗಬಹುದು. ಯಾರಾದರೂ “ಇದರಿಂದಲೇ ಅದು ಆಯಿತು” ಎಂದಾಗ, ಅದು ಹೇಗೆ ಆಯಿತೆಂದು ಕೇಳುವ ಅಭ್ಯಾಸವನ್ನು ಈಗಿನಿಂದಲೇ ಬೆಳೆಸಿಕೊಳ್ಳಿರಿ. ಆ ಪ್ರಶ್ನೆಯನ್ನು ನಿಮ್ಮ ಮಾತಿಗೂ ಹಾಕಿಕೊಳ್ಳಿರಿ.